ಹುಳಿಬಟ್ಟಲು

ಹೊಸೂರು ರಸ್ತೆಯ ಆಸ್ಪತ್ರೆ, ನಾಲ್ಕನೇ ಮಹಡಿ.
ಬೆಳಕಿನ ಹಲಗೆಗೆ ಎಕ್ಸ್‌ರೇ ಸಿಕ್ಕಿಸಿ
ಹುಡುಗು ಮುಖದ ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸಿದರು:
"ಇಲ್ಲಿ ನೋಡಿ, ಅಸಿಟ್ಯಾಬ್ಯುಲಂ. ಒಡೆದಿದೆ. ಹೊಸದು ಕೂರಿಸಬೇಕು."
ಚೌರಮ್ಮ ಚಿಕ್ಕಮ್ಮ ನನ್ನತ್ತ ತಿರುಗಿದಳು,
ಎರಡು ವರ್ಷ ಲತೀನು ಓದಿದವನಲ್ಲವಾ, ಬಿಡಿಸಿ ಹೇಳು
ಎಂಬಂತೆ.

ಓದಿದ್ದೆ. ಪಾದ್ರಿಯಾಗದೆ ಎದ್ದು ಬಂದೆ.
ಉಳಿದದ್ದು ಒಂದು ಟ್ರಂಕು, ರಟ್ಟು ಹೋದ ವ್ಯಾಕರಣ,
ಬೇಡದ ಹೊತ್ತಿಗೆ ನಾಲಿಗೆಗೆ ಬರುವ ಕೆಲವು ಪದ.

ಅಚೇತುಂ ಅಂದರೆ ವಿನಿಗರ್, ಅಂದೆ.
ಅದನ್ನಿಡುವ ಪುಟ್ಟ ಬಟ್ಟಲು ಅಚೇತಾಬುಲುಂ.
ರೋಮಿನವರ ಊಟದ ನಡುವೆ ಇರುತ್ತಿತ್ತಂತೆ
ರೊಟ್ಟಿ ಅದ್ದಿಕೊಳ್ಳಲು.
ತೊಡೆಮೂಳೆ ಬಂದು ಕೂರುವ ಕುಳಿಯನ್ನು ಕಂಡವನು ಯಾರೋ
ಹಸಿದಿದ್ದನೇನೋ,
ಅಡುಗೆಮನೆಯ ಹೆಸರನ್ನೇ ಇಟ್ಟ.

"ಅಚೇತನವಾ?" ಅಂದಳು. ಕಿವಿ ಮಂದ.
ಅಚೇತನ ಅಲ್ಲ, ಅಚೇತುಂ.
"ಯಾವುದೋ ಒಂದು. ಹುಳಿ ಮಾತ್ರ ಅಚೇತನ ಅಲ್ಲ ಕಣೋ.
ನನ್ನ ಜಾಡಿ ನೋಡಿದ್ದೀಯಲ್ಲ."

ನೋಡಿದ್ದೇನೆ.
ಗುರುಮಠದ ಅಡುಗೆಮನೆ, ಮೆಟ್ಟಿಲ ಕೆಳಗಿನ ಕತ್ತಲು.
ದೇವನಹಳ್ಳಿ ಕಡೆಯ ನೀಲಿ ದ್ರಾಕ್ಷಿ ಹಿಂಡಿ
ಬಲಿಪೂಜೆಗೆಂದು ಇಟ್ಟ ರಸ ಕೆಟ್ಟ ವರ್ಷ
ದೊಡ್ಡ ಸ್ವಾಮಿಗಳು ಚೆಲ್ಲು ಅಂದರು.
ಚೆಲ್ಲಲಿಲ್ಲ.
ಆ ರಸದ ಮೇಲೆ ಹಾಲಿನ ಕೆನೆಯಂಥ ಚರ್ಮ ಬೆಳೆಯಿತು.
"ಅದು ತಾಯಿ, ಮುಟ್ಟಬೇಡ" ಎನ್ನುತ್ತಿದ್ದಳು
ಮದುವೆಯಾಗದ ಚಿಕ್ಕಮ್ಮ.
ನಲವತ್ತು ಈಸ್ಟರಿನ ಹಂದಿಮಾಂಸಕ್ಕೆ ಅದೇ ಹುಳಿ,
ಜ್ವರದ ಹಣೆಯ ಬಟ್ಟೆಗೂ,
ಗಂಟೆ ಬಾರಿಸುವ ಇನ್ನಾಸಪ್ಪನಿಗೆ ಕಣಜ ಕಚ್ಚಿದಾಗಲೂ.

ಸ್ಟ್ರೆಚರ್ ಬರಲು ತಡ. ಹೊರಗೆ ಸಿಗ್ನಲ್ಲಿನ ಹಾರನ್ನು.
ನೋವು ಮರೆಯಲೆಂದು ಪುಸ್ತಕದ ಮಾತು ತೆಗೆದೆ.

ಆನೆ ಹೊಡೆದುಕೊಂಡು ಹಿಮದ ಬೆಟ್ಟ ದಾಟಿದ ಸೇನಾಪತಿ
ದಾರಿಗಡ್ಡ ಬಂಡೆಯನ್ನು ಕೆಂಪಗೆ ಕಾಯಿಸಿ
ಅಚೇತುಂ ಸುರಿದು ಸೀಳಿದನಂತೆ, ಅಂದೆ.
"ನಮ್ಮಪ್ಪ ಬರೀ ಸೌದೆ ಉರಿಯಲ್ಲೇ
ಆಳುದ್ದದ ಚಪ್ಪಡಿ ಎಬ್ಬಿಸುತ್ತಿದ್ದ, ಬೇಗೂರಿನ ಆಚೆ.
ಹುಳಿಗೆ ದುಡ್ಡೆಲ್ಲಿತ್ತು?"
ರಾಣಿಯೊಬ್ಬಳು ಪಂಥ ಕಟ್ಟಿ
ಮುತ್ತನ್ನು ಅದರಲ್ಲಿ ಕರಗಿಸಿ ಕುಡಿದಳಂತೆ.
"ಹೊಟ್ಟೆ ಉರಿದಿರುತ್ತೆ."
ಮಾರಿಬೇನೆಯ ಊರಿನಲ್ಲಿ ಕಳ್ಳರು ಮೈಗೆ ಹಚ್ಚಿಕೊಂಡು
ಸತ್ತವರ ಮನೆ ದೋಚಿದರಂತೆ.
"ಪ್ಲೇಗಿಗೆ ನಮ್ಮಜ್ಜಿ ಹೊಲದಲ್ಲಿ ಗುಡಿಸಲು ಹಾಕಿದಳು.
ಬಿಟ್ಟುಬಂದ ಮನೆಯಲ್ಲಿ ಕದಿಯೋಕೆ ಇದ್ದದ್ದು ಬೀಸೋಕಲ್ಲು."

ದಂಡಿನವರು ನೀರಿಗೆ ಬೆರೆಸಿ ಕುಡಿದು
ದಿನವಿಡೀ ನಡೆಯುತ್ತಿದ್ದರು, ಅಂದೆ.
ಅದಕ್ಕೆ ಉತ್ತರ ಬರಲಿಲ್ಲ.

ಶುಭ ಶುಕ್ರವಾರಗಳಲ್ಲಿ ಉಪವಾಸದ ಬಾಯಿಗೆ
ಜಾಡಿಯಿಂದ ಒಂದೇ ಚಮಚ ಸುರಿದುಕೊಂಡು
ಕಣ್ಣು ಮುಚ್ಚುತ್ತಿದ್ದವಳು ಇವಳು.
ಸ್ಪಂಜಿನ ಮಾತು ನಾನು ಎತ್ತಿರಲಿಲ್ಲ.

"ಹಾಗಾದರೆ," ಅಂದಳು ಬಹಳ ಹೊತ್ತಿನ ಮೇಲೆ,
"ಆ ಸಿಪಾಯಿ ಅಣಕಿಸಲಿಲ್ಲ ಕಣೋ.
ತಾನು ಕುಡಿಯೋದನ್ನೇ ಕೊಟ್ಟ.
ಬಿಸಿಲಲ್ಲಿ ಅವನ ಹತ್ತಿರ ಇದ್ದದ್ದು ಅಷ್ಟೇ."
ಆಮೇಲೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು
"ಅರವತ್ತು ವರ್ಷ ಅವನನ್ನ ಬೈದೆನಲ್ಲೋ."

ನಮ್ಮ ಗುರುಗಳು ಯಾರೂ ಹೇಳಿರಲಿಲ್ಲ ಇದನ್ನು.
ಹೇಳಿದ್ದರೂ ನಾನು ವಿಭಕ್ತಿ ಉರು ಹೊಡೆಯುತ್ತಿದ್ದೆ.

ಸ್ಟ್ರೆಚರ್ ಬಂತು. ಬಾಗಿಲ ಹತ್ತಿರ ಕೈ ಅಡ್ಡ ಹಿಡಿದು ನಿಲ್ಲಿಸಿದಳು.
"ಜಾಡಿಗೆ ಮುಚ್ಚಳ ಬಿಗಿಯಬೇಡ. ಬಟ್ಟೆ ಕಟ್ಟು, ಉಸಿರಾಡಲಿ."
ಸರಿ.
"ಡಾಕ್ಟರೇ, ಹೊಸ ಬಟ್ಟಲು ಯಾವುದರದು?"
ಟೈಟಾನಿಯಂ, ಅಮ್ಮ. ಗಟ್ಟಿ.
"ಹುಳಿಗೆ ತಡೆಯುತ್ತಾ?"

ಅವರು ನಕ್ಕರು.
ಕಲಾಯಿ ಹೋದ ಹಿತ್ತಾಳೆಯಲ್ಲಿ ಸಾರು ಬಿಟ್ಟಿದ್ದಕ್ಕೆ
ಒಮ್ಮೆ ಇವಳಿಂದ ಸೌಟಿನ ಏಟು ತಿಂದವನು ನಾನು,
ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತಾ ನಿಂತೆ.